ಚಿದಿಯ ಕ್ಯಾಸೆಟ್ಟೂ ಸಾವ್ಕಾರರ ಹೆಸರೂ

ಮನುಷ್ಯನ ದೇಹ ನಶ್ವರ, ಕೀರ್ತಿಯೊಂದೇ ಶಾಶ್ವತ ಎಂದು ನಮ್ಮ ಹಿರಿಯರು ಸಾರುತ್ತಲೇ ಬಂದಿದ್ದಾರೆ. ಆ ಕೀರ್ತಿಯನ್ನು ಉಳಿಸಿಕೊಳ್ಳಲು ಚಕ್ರವರ್ತಿಗಳು ಬಂಡೆಗಳ ಮೇಲೆ ಶಾಸನ ಕೆತ್ತಿಸಿದರು, ಪಾಳೆಯಗಾರರು ಕೆರೆ ಕಟ್ಟಿಸಿದರು. ಕುಂಬಾರಕೊಪ್ಪಲಿನ ನಮ್ಮ ಬೀದಿಯವರು ಸಮುದಾಯ ಭವನಕ್ಕೆ ಫ್ಯಾನು ಕೊಟ್ಟರು.

ಆ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಕೆಂಪು ಬಣ್ಣದ ಅಕ್ಷರಗಳಿವೆ. ಒಂದರ ಮೇಲೆ ‘ಸೇವಾರ್ಥ’, ಇನ್ನೊಂದರ ಮೇಲೆ ‘ಶ್ರೀ ಮರಿಬಸಪ್ಪನವರು’, ಮೂರನೆಯದರ ಮೇಲೆ ‘ಬೆಲ್ಲದ ಮಂಡಿ, ಸಂತೆಪೇಟೆ’. ಫ್ಯಾನು ತಿರುಗಿದರೆ ಹೆಸರು ಓದಲಾಗದು. ಹೆಸರು ಓದಬೇಕಾದರೆ ಸೆಕೆ ಸಹಿಸಬೇಕು. ಇಂಥ ಗಹನವಾದ ತಾತ್ವಿಕ ಸಂಕಟವನ್ನು ನಮ್ಮವರು ಬಹಳ ಸುಲಭವಾಗಿ ಬಗೆಹರಿಸಿಕೊಂಡಿದ್ದರು. ಮರಿಬಸಪ್ಪನವರು ಸಭೆಗೆ ಬಂದ ದಿನ ಫ್ಯಾನು ಹಾಕುತ್ತಿರಲಿಲ್ಲ. ಎದುರು ಗೋಡೆಯ ಗಡಿಯಾರದ್ದೂ ಇಂಥದೇ ಕತೆ. ಅದು ನಿಂತು ಎಷ್ಟೋ ವರ್ಷಗಳಾದವು; ಕೊಟ್ಟವರ ಹೆಸರು ಮಾತ್ರ ನಡೆಯುತ್ತಲೇ ಇದೆ.

ಆಹ್ವಾನ ಪತ್ರಿಕೆ ಕೈಗೆ ಬಂದರೆ ಲೋಕದ ಉಳಿದ ಜನ ಬಹುಶಃ ಮದುವೆ ಯಾರದು, ಎಂದು, ಎಲ್ಲಿ ಎಂದು ನೋಡುತ್ತಾರೆ. ನಾವು ನೇರವಾಗಿ ಕೆಳಗಿನ ಸಾಲುಗಳಿಗೆ ಇಳಿಯುತ್ತೇವೆ. ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬಲ್ಲಿ ನಮ್ಮ ಹೆಸರಿದೆಯೇ, ಇದ್ದರೆ ಯಾರ ಹಿಂದೆ, ಯಾರ ಮುಂದೆ ಎಂಬುದು ಗೊತ್ತಾಗುವವರೆಗೆ ವಧುವಿನ ಹೆಸರು ಕಣ್ಣಿಗೆ ಬೀಳುವುದೇ ಇಲ್ಲ. ನಾನು ಇದನ್ನೆಲ್ಲ ಮೀರಿದವನೆಂದು ಹೇಳಿಕೊಳ್ಳಲಾರೆ. ನನ್ನ ಭಾವಮೈದುನನ ಮಗನ ಉಪನಯನದ ಪತ್ರಿಕೆಯಲ್ಲಿ ನಾನು ‘ಮತ್ತು ಬಂಧುಮಿತ್ರರು’ ಎಂಬುದರೊಳಗೆ ಅಡಗಿಹೋಗಿದ್ದೆ. ಪ್ರತಿಭಟನೆಯ ದ್ಯೋತಕವಾಗಿ ಊಟದಲ್ಲಿ ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಯಾರೂ ಗಮನಿಸಲಿಲ್ಲ ಎಂಬುದು ಬೇರೆ ಮಾತು.

ಇಷ್ಟು ಪೀಠಿಕೆ ಏಕೆಂದರೆ, ನಾನು ಹೇಳಹೊರಟಿರುವುದು ನೈಜೀರಿಯಾದ ರ‍್ಯಾಪ್ ಗಾಯಕನೊಬ್ಬನ ಹೊಸ ಆಲ್ಬಮ್ಮನ್ನೂ ಮೈಸೂರಿನಲ್ಲಿ ಅದಕ್ಕೆ ಸಿಕ್ಕ ಸ್ವಾಗತವನ್ನೂ ಕುರಿತು.

ಆಗ ಸೀಡಿ ಬಂದಿತ್ತು, ಆದರೆ ನಮ್ಮ ಬೀದಿಯವರೆಗೆ ಬಂದಿರಲಿಲ್ಲ. ನಮ್ಮಲ್ಲಿ ಇನ್ನೂ ಕ್ಯಾಸೆಟ್ಟಿನ ರಾಜ್ಯಭಾರ. ನಾನು ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ದೂರದೇಶಗಳಿಂದ ಓದಲು ಬಂದ ಹುಡುಗರು ಸೀಲು, ಸಹಿ ಎಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹಾಗೆ ನಿಂತವರಲ್ಲಿ ಒಬ್ಬ ಚಿದಿ, ಲಾಗೋಸಿನವನು, ಬಿ.ಕಾಂ. ಓದುತ್ತಿದ್ದವನು. ಅವನಿಗೆ ಸೀಲು ಸಿಕ್ಕಿತ್ತು, ಸಹಿ ಸಿಕ್ಕಿತ್ತು, ಇರಲು ಮನೆ ಸಿಕ್ಕಿರಲಿಲ್ಲ. ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ತೂಗಾಡುತ್ತಿರುವಾಗಲೇ ‘ಈಗ ತಾನೇ ಕೊಟ್ಟುಬಿಟ್ಟೆವು’ ಎನ್ನುವ ಮನೆಗಳನ್ನು ಅವನು ಸರಸ್ವತಿಪುರದಿಂದ ಕೆಸರೆಯವರೆಗೆ ನೋಡಿಬಂದಿದ್ದ. ಹಲಗೆ ತೆಗೆಯಲು ಮರೆತಿದ್ದಾರೆಂದು ಮೊದಮೊದಲು ನಂಬಿಯೂ ಇದ್ದನಂತೆ.

ನನ್ನ ಎದುರುಮನೆಯ ಮಹಡಿಯ ಮೇಲೆ ಒಂದು ಕೋಣೆ ಖಾಲಿಯಿತ್ತು. ಯಜಮಾನರು ಫ್ಯಾನಿನ ಖ್ಯಾತಿಯ ಮರಿಬಸಪ್ಪನವರೇ. ಬೀದಿಗೆಲ್ಲ ಅವರು ‘ಸಾವ್ಕಾರ್ರು’. ಬೆಳಗ್ಗೆ ಲಿಂಗಪೂಜೆ, ಆಮೇಲೆ ಮಂಡಿ, ಸಂಜೆ ಜಗಲಿ. ಈ ಕ್ರಮ ತಪ್ಪಿದ್ದನ್ನು ಕಂಡವರಿಲ್ಲ. ‘ಹುಡುಗ ಒಳ್ಳೆಯವನು, ನಾನು ಜವಾಬ್ದಾರಿ’ ಎಂದೆ. ಮಾಂಸ ಬೇಯಿಸಬಾರದು, ಚಪ್ಪಲಿ ಕೆಳಗೇ ಬಿಡಬೇಕು, ಗಲಾಟೆ ಕೂಡದು ಎಂಬ ಮೂರು ಷರತ್ತು ಹಾಕಿ ಕೊಟ್ಟರು. ಚಿದಿ ಮೊದಲೆರಡನ್ನು ಚಾಚೂ ತಪ್ಪದೆ ಪಾಲಿಸಿದ. ಅವರ ಮನೆಯಾಕೆ ನೀಲಮ್ಮನವರು ಅವನ ಹೆಸರನ್ನು ಅರ್ಧಕ್ಕೇ ಬಿಟ್ಟ ಹೆಸರೆಂದು ಭಾವಿಸಿ, ತಾವೇ ಪೂರ್ತಿ ಮಾಡಿ, ‘ಚಿದಾನಂದ’ ಎಂದು ಕರೆಯತೊಡಗಿದರು.

ಮೂರನೆಯ ಷರತ್ತಿಗೆ ತೊಡಕಾದದ್ದು ರ‍್ಯಾಪ್. ಅದೇನೆಂದು ತಿಳಿಯದ ಹಿರಿಯ ಓದುಗರಿಗಾಗಿ ಒಂದು ಮಾತು. ಅದು ಹಾಡಲ್ಲ, ಏಕೆಂದರೆ ರಾಗವಿಲ್ಲ. ಭಾಷಣವೂ ಅಲ್ಲ, ಏಕೆಂದರೆ ಪ್ರಾಸವಿದೆ ಮತ್ತು ಅಧ್ಯಕ್ಷರಿಲ್ಲ. ಬೀದಿ ನಲ್ಲಿಯ ಬಳಿ ನಡೆಯುವ ಜಗಳವೊಂದನ್ನು ಹಿಡಿದು ತಂದು ತಾಳಕ್ಕೆ ಕೂರಿಸಿದರೆ ಏನಾದೀತೋ ಅದು. ಎರಡನೆಯ ಅಕ್ಷರದ ಪ್ರಾಸವೊಂದಕ್ಕಾಗಿ ನಮ್ಮ ಪೂರ್ವಕವಿಗಳು ಆನೆಯನ್ನು ಕುದುರೆ ಎನ್ನುವವರೆಗೂ ಹೋದದ್ದನ್ನು ಬಲ್ಲ ನಾನು, ಉಸಿರು ಬಿಡದೆ ಪ್ರಾಸ ಹಾಕುವ ಈ ಹುಡುಗನ ಮೇಲೆ ಮೊದಲಿನಿಂದಲೂ ಒಳಗೊಳಗೇ ಗೌರವವಿಟ್ಟಿದ್ದೆ. ಊರಲ್ಲಿ ಅವನದು ಆಗಲೇ ಒಂದು ಆಲ್ಬಂ ಬಂದಿತ್ತಂತೆ. ಮನೆಯ ಟೇಪ್‌ರೆಕಾರ್ಡರಿನಲ್ಲಿ ಮಾಡಿದ್ದು. ಗೆಳೆಯರೇ ಕೈಯಿಂದ ಕೈಗೆ ಹಂಚಿದ್ದರಂತೆ. ಈ ಸಲ ಸ್ಟುಡಿಯೋದಲ್ಲಿ ಮಾಡಬೇಕೆಂಬುದು ಅವನ ಹಂಬಲ. ಅದಕ್ಕಾಗಿ ದಿನವೂ ಸಂಜೆ ತಾರಸಿಯ ಮೇಲೆ ಅಭ್ಯಾಸ.

ಕೈ ಬೀಸುತ್ತ, ಬೆರಳು ತೋರಿಸುತ್ತ, ಅತ್ತಿತ್ತ ಓಡಾಡುತ್ತ ಅವನು ಹೇಳಿಕೊಳ್ಳುತ್ತಿದ್ದುದನ್ನು ಕಂಡು ನೀಲಮ್ಮನವರಿಗೆ ಗಾಬರಿ. ಒಂದು ಚೊಂಬು ಮಜ್ಜಿಗೆ ಹಿಡಿದು ಮೇಲೆ ಹೋದರು.

“ಯಾರ್ ಮ್ಯಾಲಪ್ಪಾ ಇಷ್ಟ್ ಕ್ವಾಪ? ಮೊದ್ಲು ಇದ್ನ ಕುಡ್ದ್‌ಬುಡು, ಒಟ್ಟೆ ತಣ್ಣಗಾಯ್ತದೆ. ಆಮ್ಯಾಕೆ ಬೈಯಿವಂತೆ.”

ಚಿದಿಗೆ ಮಾತು ತಿಳಿಯಲಿಲ್ಲ, ಮಜ್ಜಿಗೆ ತಿಳಿಯಿತು. ಅಂದಿನಿಂದ ಅಭ್ಯಾಸದ ಹೊತ್ತಿಗೆ ಸರಿಯಾಗಿ ಮಜ್ಜಿಗೆ ಹೋಗತೊಡಗಿತು. ಆದರೆ ಮರಿಬಸಪ್ಪನವರ ಒಟ್ಟೆಯನ್ನು ತಣ್ಣಗೆ ಮಾಡುವವರಿರಲಿಲ್ಲ. ಒಂದು ಸಂಜೆ ನನ್ನನ್ನು ಜಗಲಿಗೆ ಕರೆಸಿದರು.

“ನೋಡಿ ರಾಯರೇ, ಬರೋ ಒಂದ್ನೇ ತಾರೀಕ್ಗೆ ಕೋಣೆ ಖಾಲಿ ಮಾಡ್ಸಿ.”

ಪರೀಕ್ಷೆ ಇನ್ನು ಕೆಲವೇ ತಿಂಗಳು, ಈಗ ಎಬ್ಬಿಸಿದರೆ ಹುಡುಗ ಮತ್ತೆ ಹಲಗೆಗಳನ್ನು ನೋಡುತ್ತ ಅಲೆಯಬೇಕು, ವರ್ಷವೇ ಹೋದೀತು ಎಂದು ಬೇಡಿಕೊಂಡೆ. ಅವರು, “ಅದೇನೋ ಕ್ಯಾಸೆಟ್ ಮಾಡ್ತಾವ್ನಂತಲ್ಲ. ಬರ್ಲಿ. ಕೇಳ್ತೀನಿ. ಇಷ್ಟ್ ಗಲಾಟೆ ಮಾಡಿದ್ದು ಒಂದು ಕೆಲ್ಸಕ್ಕೆ ಬಂತು ಅನ್ನಿಸ್ದ್ರೆ ನೋಡಾವ. ಇಲ್ದಿದ್ರೆ ನನ್ ಮಾತು ಅಂದ್ರೆ ಮಾತು” ಎಂದರು.

ಕೆಟ್ಟ ವಿಮರ್ಶೆ ಬಂದರೆ ಕಲಾವಿದನ ಹೆಸರು ಹೋಗುವುದುಂಟು, ನಿದ್ದೆ ಹೋಗುವುದುಂಟು. ಮನೆಯೇ ಹೋಗುವ ಪ್ರಸಂಗವನ್ನು ಕಲಾಚರಿತ್ರೆಯಲ್ಲಿ ನಾನು ಬೇರೆಲ್ಲೂ ಓದಿಲ್ಲ.

ಸ್ಟುಡಿಯೋ ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲೆ. ಮಾಮೂಲಿಯಾಗಿ ಅಲ್ಲಿ ದೇವರನಾಮಗಳ ಧ್ವನಿಮುದ್ರಣ, ಅದೂ ಗಿರಣಿ ನಿಂತಾಗ ಮಾತ್ರ. ಗಿರಣಿ ನಿಲ್ಲುತ್ತಿದ್ದುದು ಬಹುಪಾಲು ಕರೆಂಟು ಹೋದಾಗ. ಹೀಗೆ ಕರೆಂಟೂ ಇದ್ದು ಹಿಟ್ಟೂ ಬೀಸದ ಅಪರೂಪದ ಘಳಿಗೆಗಳಲ್ಲಿಯೇ ನಮ್ಮ ಭಾಗದ ಭಕ್ತಿಸಂಗೀತವೆಲ್ಲ ಹುಟ್ಟಿದ್ದು. ಚಿದಿಯ ಅದೃಷ್ಟಕ್ಕೆ ಒಂದು ಬೆಳಗ್ಗೆ ಗಿರಣಿಯ ಮೋಟರು ಸುಟ್ಟುಹೋಯಿತು. ‘ಈಗಲೇ ಬಾ’ ಎಂದು ಸ್ಟುಡಿಯೋದವರು ಹೇಳಿಕಳಿಸಿದರು. ಅವರದೂ ಒಂದು ಪಟ್ಟು: ‘ಶ್ರುತಿಯಿಲ್ಲದೆ ನಾನು ಮೆಷೀನು ಓಡಿಸಿದವನಲ್ಲ.’ ಆದ್ದರಿಂದ ಆ ಆಲ್ಬಂ ತಂಬೂರಿಯ ಗಂಭೀರ ನಾದದಿಂದ ಆರಂಭವಾಗುತ್ತದೆ, ಜಗಳ ಆಮೇಲೆ. ಕ್ಯಾಸೆಟ್ಟಿನ ಹೊದಿಕೆಯನ್ನು ಅಚ್ಚು ಹಾಕಿದ್ದು ಲಗ್ನಪತ್ರಿಕೆಯ ಪ್ರೆಸ್ಸು. ಕಪ್ಪು ಕನ್ನಡಕ ಹಾಕಿ, ಕೈಕಟ್ಟಿ, ಲೋಕವನ್ನೇ ಹೆದರಿಸುವಂತೆ ನಿಂತಿದ್ದ ಚಿದಿಯ ಎರಡೂ ಪಕ್ಕಕ್ಕೆ ಅವರು ಅಭ್ಯಾಸಬಲದಿಂದ ಬಾಳೆಕಂಬ ಇಟ್ಟು, ಮೇಲೆ ‘ಶುಭಮಸ್ತು’ ಎಂದು ಸೇರಿಸಿದ್ದರು. ಗಾಯಕನ ಹೆಸರು, ರ‍್ಯಾಪಿನವರು ಇಟ್ಟುಕೊಳ್ಳುವ ಬಿರುದು ಸಮೇತ, ‘ಎಂ.ಸಿ. ಚಿದಿ’ ಎಂದಿತ್ತು. ಎಂ. ಅಂದರೆ ಯಾವ ಊರು, ಸಿ. ಅಂದರೆ ತಂದೆಯ ಹೆಸರೇ ಎಂದು ಹೋಟೆಲಿನ ಪುಟ್ಟಸ್ವಾಮಿ ನನ್ನನ್ನು ಕೇಳಿದ. ಇರಬಹುದು ಎಂದೆ.

ಚಿದಿ ಮನೆಮನೆಗೂ ಒಂದೊಂದು ಕ್ಯಾಸೆಟ್ಟು ಹಂಚಿದ. ಮೊದಲ ಕೆಲವು ದಿನ ಬೀದಿಯದು ಸಭ್ಯವಾದ ಮೌನ. ಕಾಯಿಲೆಯವರ ಮನೆಯಲ್ಲಿ ಮಾತನಾಡುವಂತೆ ಎಲ್ಲರೂ ‘ಪರವಾಗಿಲ್ಲ, ಪರವಾಗಿಲ್ಲ’ ಎನ್ನುತ್ತಿದ್ದರು. ಮನಸಾರೆ ಮೆಚ್ಚಿದವನು ಪುಟ್ಟಸ್ವಾಮಿಯೊಬ್ಬನೇ.

“ಇದ್ನ ಹಾಕುದ್ರೆ ಗಿರಾಕಿಗಳು ಬಿರ್ಬಿರ್ನೆ ತಿಂದು ಎದ್ದೋಯ್ತಾರೆ ಸಾ. ಬೆಳಗ್ಗೆ ರಶ್ ಟೈಮಿಗೆ ಬಾಳ ಅನುಕೂಲ.”

ಹೀಗಿರುವಾಗ ಇಸ್ತ್ರಿ ಮಾದೇಶ ಒಂದು ಮಹತ್ವದ ಸಂಶೋಧನೆ ಮಾಡಿದ. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ ಇಸ್ತ್ರಿ ಮಾಡುವ ಅವನು ಟೇಪ್‌ರೆಕಾರ್ಡರನ್ನು ಹಚ್ಚಿದ ಮೇಲೆ ಆರಿಸುವವನಲ್ಲ. ಹಾಡು ಯಾವುದಾದರೂ ಸರಿ, ಬಟ್ಟೆ ಮುಗಿಯುವವರೆಗೆ ಓಡಬೇಕು. ಆದ್ದರಿಂದ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಕಟ್ಟಕಡೆಯ ಹಾಡಿನವರೆಗೆ ತಲುಪಿದ ಮೊದಲ ಮನುಷ್ಯ ಅವನೇ. ನಾನು ಕೊಡೆ ಹಿಡಿದು ಕಚೇರಿಗೆ ಹೊರಟಿದ್ದೆ, ಓಡಿಬಂದು ಅಡ್ಡಗಟ್ಟಿದ.

“ಸಾ, ನನ್ನೆಸ್ರು ಕಣ್ಸಾ! ಹಾಡ್ನಲ್ಲಿ ನನ್ನೆಸ್ರು! ಇದ್ನ ಅವ್ರ ದೇಸದಲ್ಲೂ ಕೇಳ್ತಾರಲ್ವಾ ಸಾ? ಅಲ್ಲೂ ಇಸ್ತ್ರಿ ಮಾದೇಶ ಅಂದ್ರೆ ಗೊತ್ತಾಯ್ತದೆ ಅನ್ನಿ!”

ವಿಷಯ ಏನೆಂದರೆ, ರ‍್ಯಾಪಿನವರ ಸಂಪ್ರದಾಯದಲ್ಲಿ ವಂದನಾರ್ಪಣೆಯನ್ನೂ ಹಾಡಿನಲ್ಲೇ ಮಾಡುತ್ತಾರೆ. ಕಷ್ಟಕಾಲದಲ್ಲಿ ಆದವರನ್ನು ಹೆಸರು ಹಿಡಿದು ಕೂಗಿ ನೆನೆಯುತ್ತಾರೆ. ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಎಂದೊಡನೆ ಜನ ಚಪ್ಪಲಿ ಹುಡುಕುತ್ತಾರೆ. ಚಿದಿಯ ವಂದನಾರ್ಪಣೆಗೆ ಜನ ಚಪ್ಪಲಿ ಬಿಟ್ಟು ಬಂದು ಕುಳಿತರು. ಸಂಜೆಯ ಹೊತ್ತಿಗೆ ಬೀದಿಯ ಟೇಪ್‌ರೆಕಾರ್ಡರುಗಳೆಲ್ಲ ಮೊದಲಿನ ಹಾಡುಗಳನ್ನು ಕಿರ್ರೆಂದು ಹಾರಿಸಿ ಕಡೆಯ ಹಾಡಿಗೆ ಹೋಗಿ ನಿಲ್ಲುತ್ತಿದ್ದವು. ಒಂದು ದೇಶದ ಕಲೆ ಇನ್ನೊಂದು ದೇಶಕ್ಕೆ ಹೋದಾಗ ಅದನ್ನು ಅಲ್ಲಿನ ಪರಂಪರೆಯ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ನಾವು ಅದನ್ನು ಆಹ್ವಾನ ಪತ್ರಿಕೆಯಾಗಿ ಅರ್ಥಮಾಡಿಕೊಂಡೆವು. ಮೊದಲು ಮಾದೇಶ, ಆಮೇಲೆ ಪುಟ್ಟಸ್ವಾಮಿ, ಅವನ ಇಡ್ಲಿಯ ಸಮೇತ, ಆಮೇಲೆ ‘ನೀಲಾ ಮಮ್ಮಿ’ ಮತ್ತು ಮಜ್ಜಿಗೆ, ಕೊನೆಯಲ್ಲಿ ‘ಕೊಡೆ ಅಂಕಲ್’. ಆ ಕೊನೆಯವನು ನಾನು. ಸೀಲು, ಸಹಿ, ಜಾಮೀನು ಎಲ್ಲವೂ ಗಾಳಿಗೆ ಹೋಗಿ, ಒಂದು ಕೊಡೆಯ ಆಧಾರದ ಮೇಲೆ ನಾನು ಅಜರಾಮರನಾದೆ. ಅದನ್ನೂ ನುಂಗಿಕೊಂಡು, ಮುಂದಿನ ಹೆಸರು ಬರಲಿ ಎಂದು ಕಾದೆ. ಟೇಪು ಟಕ್ಕೆಂದು ನಿಂತಿತು.

ಮನೆಯ ಯಜಮಾನರ ಹೆಸರೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಮರಿಬಸಪ್ಪನವರು ನಮ್ಮ ಮನೆಗೆ ಬಂದರು. ಪೂಜೆಯ ವಿಭೂತಿ ಹಣೆಯ ಮೇಲಿತ್ತು, ಕ್ಯಾಸೆಟ್ಟು ಜೇಬಿನಲ್ಲಿತ್ತು.

“ಪೂರ್ತಿ ಕೇಳ್ದೆ ರಾಯರೇ.”

“ಹೇಗಿದೆ?” ಎಂದೆ.

“ಮೂರ್ನೇದು ಅವ್ರಮ್ಮನ್ ಮೇಲೆ ಕಟ್ಟಿರೋದು ಅನ್ನುಸ್ತದೆ. ಮಾತು ತಿಳೀದು, ದನಿ ತಿಳೀತದೆ. ಏಳ್ನೇದ್ರಲ್ಲಿ ಮಳೆ ಸದ್ದು ಬತ್ತದೆ, ಚೆನ್ನಾಗದೆ. ಐದ್ನೇದ್ರಲ್ಲಿ ಯಾಕೋ ಅವಸ್ರ ಬಿದ್ದವ್ನೆ.”

ನಾನು ಬೆರಗಾದೆ. ಅವರು ಹೇಳದಿದ್ದರೂ ನಡೆದದ್ದು ಸ್ಪಷ್ಟವಾಗಿತ್ತು. ತಮ್ಮ ಹೆಸರು ಎಲ್ಲಾದರೂ ಸಿಕ್ಕೀತೆಂದು ಎರಡೂ ಮಗ್ಗುಲನ್ನು ಮೊದಲಿನಿಂದ ಕಡೆಯವರೆಗೆ ಮತ್ತೆಮತ್ತೆ ಕೇಳಿದ್ದರು. ಆ ಆಲ್ಬಮ್ಮನ್ನು ಒಂದು ಕೃತಿಯಾಗಿ ಆಲಿಸಿದ ರಸಿಕರು ಇಡೀ ಮೈಸೂರಿನಲ್ಲಿ ಅವರೊಬ್ಬರೇ.

“ಹಾಗಾದರೆ ಹುಡುಗನ ಗಲಾಟೆ ಒಂದು ಕೆಲಸಕ್ಕೆ ಬಂತು ಅನ್ನಿ?”

ಅವರ ಮುಖ ಬಿಗಿಯಿತು. “ಮನೆ ಕೊಟ್ಟೋನು ನಾನಾ, ಇಸ್ತ್ರಿ ಮಾದೇಶನಾ? ಹೆಸ್ರು ಹಾಕ್ಲಿಲ್ಲ ಅಂತಲ್ಲ. ನಂಗ್ಯಾಕೆ ಅದೆಲ್ಲ? ಆದ್ರೆ ಒಂದು ಕ್ರಮ ಅಂತ ಬ್ಯಾಡ್ವಾ? ಮನೇಲಿ ನಮ್ಮೋಳು ಬಂದೋರ್ಗೆಲ್ಲಾ ತನ್ನೆಸ್ರು ಕೇಳುಸ್ತಾವ್ಳೆ. ಹಾಲಿನೋನು ಕೇಳ್ದ, ‘ಸಾವ್ಕಾರ್ರೇ, ನಿಮ್ದು ಎಲ್ಲಿ ಬತ್ತದೆ?’ ಅಂತ. ಒಂದ್ನೇ ತಾರೀಕು, ರಾಯರೇ. ಮರೀಬ್ಯಾಡಿ.”

ಅವರು ಹೋದ ಕೂಡಲೇ ನಾನು ಅವರ ಮಹಡಿ ಹತ್ತಿದೆ. ಚಿದಿ ಹೇಳಿದ್ದು ಇಂಗ್ಲಿಷಿನಲ್ಲಿ, ಕನ್ನಡ ನನ್ನದು. “ಅಂಕಲ್, ಮೊದಲ ಜಾಗ ಅವರದೇ. ಮಾದೇಶನಿಗಿಂತ ಮುಂಚೆ, ಒಂದು ಹೆಸರಲ್ಲ, ಒಂದು ಇಡೀ ಪದ್ಯದ ಜಾಗ ಬಿಟ್ಟಿದ್ದೆ. ಆದರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ.”

ಎರಡು ವರ್ಷ ಒಂದೇ ಸೂರಿನ ಕೆಳಗಿದ್ದು ಹೆಸರು ಗೊತ್ತಿಲ್ಲವೆಂದರೆ! ಆದರೆ ಯೋಚಿಸಿದಷ್ಟೂ ಅದು ಸರಿಯೆನಿಸಿತು. ಬೀದಿಯೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತದೆ. ಅದೇ ಹೆಸರಿರಬೇಕೆಂದುಕೊಂಡಿದ್ದ ಚಿದಿ, ಪುಟ್ಟಸ್ವಾಮಿ ಕಾಫಿಗೆ ಬಂದವರನ್ನೆಲ್ಲ ಸಾವ್ಕಾರ್ರೇ ಎನ್ನುವುದನ್ನು ಕೇಳಿ ಕೈಬಿಟ್ಟಿದ್ದ. ಫ್ಯಾನಿನ ಮೇಲಿನ ಕೆಂಪು ಅಕ್ಷರಗಳನ್ನು ಅಲಂಕಾರವೆಂದು ತಿಳಿದಿದ್ದ. ಅವರನ್ನೇ ಕೇಳಬಹುದಿತ್ತಲ್ಲ ಎಂದರೆ, ಹಿರಿಯರ ಮುಂದೆ ನಿಂತು ನಿಮ್ಮ ಹೆಸರೇನು ಎನ್ನುವುದು ತನ್ನ ಊರಿನಲ್ಲಿ ಮರ್ಯಾದೆಯಲ್ಲ ಎಂದ. ನನ್ನನ್ನು ಕೇಳಬೇಕೆಂದಿದ್ದನಂತೆ. ಗಿರಣಿಯ ಮೋಟರು ಸುಟ್ಟ ದಿನ ನಾನು ನಂಜನಗೂಡಿನಲ್ಲಿ ಮದುವೆಯ ಊಟ ಮಾಡುತ್ತಿದ್ದೆ. ಕಡೆಗೆ, ಸ್ಟುಡಿಯೋಗೆ ಹೊರಡುವ ಆತುರದಲ್ಲಿ, ನೀಲಮ್ಮನವರನ್ನೇ ಕೈಸನ್ನೆ ಮಾಡಿ ಕೇಳಿದ್ದ.

ಗಂಡನ ಹೆಸರನ್ನು ಹೆಂಡತಿಯ ಬಾಯಿಂದ ಕೇಳಿ ತಿಳಿಯಲು ಹೊರಟಿದ್ದ, ಪುಣ್ಯಾತ್ಮ!

ಸಹಸ್ರನಾಮಗಳನ್ನು ಹೊತ್ತ ದೇವರುಗಳ ಈ ನಾಡಿನಲ್ಲಿ ಗಂಡನಿಗೆ ಮಾತ್ರ ಹೆಸರಿಲ್ಲ. ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆಂಬ ಭಯವೋ, ಹೇಳುವಷ್ಟು ಯೋಗ್ಯ ವಸ್ತುವಲ್ಲವೆಂಬ ತೀರ್ಮಾನವೋ ತಿಳಿಯದು. ನನ್ನ ಅಜ್ಜಿಯ ಪಾಲಿಗೆ ಅಜ್ಜ ಕೊನೆಯವರೆಗೂ ‘ಇಲ್ಲಿ ಕೇಳಿಸ್ತಾ’ ಆಗಿಯೇ ಉಳಿದರು. ನನ್ನ ಹೆಂಡತಿಗೆ ನಾನು ‘ರೀ’. ದಸರಾ ವಸ್ತುಪ್ರದರ್ಶನದ ಜಂಗುಳಿಯಲ್ಲಿ ಒಮ್ಮೆ ಆಕೆ ‘ರೀ’ ಎಂದು ಕೂಗಿದಾಗ ಹತ್ತಾರು ಗಂಡಸರು ಅಪರಾಧಿಗಳಂತೆ ತಿರುಗಿ ನೋಡಿದರು. ತಿರುಗದೆ ಮುಂದೆ ಹೋದವನನ್ನು ತನ್ನವನೆಂದು ಗುರುತಿಸಿ ಆಕೆ ಹಿಡಿದಳು.

ಚಿದಿಯನ್ನು ಕರೆದುಕೊಂಡು ಕೆಳಗಿಳಿದೆ. ಮರಿಬಸಪ್ಪನವರು ನಡುಮನೆಯ ಕುರ್ಚಿಯಲ್ಲಿದ್ದರು, ನೀಲಮ್ಮನವರು ಅಡುಗೆಮನೆಯ ಬಾಗಿಲಿಗೆ ಒರಗಿದ್ದರು. ನಾನು ವಿಷಯ ವಿವರಿಸಿದೆ. ಯಜಮಾನರು ಹೆಂಡತಿಯ ಕಡೆ ತಿರುಗಿದರು.

“ಕೇಳ್ದಾಗ ಯೋಳಕ್ಕೇನಾಗಿತ್ತು ನಿಂಗೆ?”

“ನಾನೆಂಗ್ ಯೋಳ್ಲಿ? ಗೋಡೆ ಮ್ಯಾಲಿನ ಬಸವನ ಕ್ಯಾಲೆಂಡರ್ ತೋರುಸ್ದೆ. ಅವ್ನು ಅದ್ಕೆ ಕೈಮುಗ್ದು ಓದ.”

ಟೇಪ್‌ರೆಕಾರ್ಡರು ಹಚ್ಚಿದೆವು. ಕಡೆಯ ಹಾಡು ಶುರುವಾಯಿತು. ಮಾದೇಶನ ಹೆಸರು ಬರುವ ಮುಂಚೆ, ನಾವು ಇಷ್ಟು ದಿನ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಒಂದು ಜಾಗ. ಮಾತಿಲ್ಲ, ಬರೀ ತಾಳ. ಢಂ, ಢಂ ಎಂದು ಅದು ರಾಜಗಾಂಭೀರ್ಯದಿಂದ ಸಾಗಿತು.

“ಇದು ನಾನಾ?” ಎಂದರು ಮರಿಬಸಪ್ಪನವರು ಕುರ್ಚಿಯಲ್ಲಿ ನೆಟ್ಟಗಾಗುತ್ತ.

“ನೀವೇ.”

“ಇಷ್ಟೂನೂವಾ?”

“ಇಷ್ಟೂ ನೀವೇ. ಮಾದೇಶ ಒಂದು ಉಸಿರಿಗೆ ಮುಗಿದು ಹೋಗುತ್ತಾನೆ, ನೋಡಿ.”

ಮಾದೇಶ ಬಂದು ಹೋದ. ಮರಿಬಸಪ್ಪನವರ ಮುಖದಲ್ಲಿ ಸಮಾಧಾನ ಇಣುಕಿ, ಮರುಕ್ಷಣವೇ ಮಾಯವಾಯಿತು. ಮಂಡಿಯ ಮನುಷ್ಯ, ತೂಕ ಸರಿಯಿದ್ದರೂ ಮಾಲು ನೋಡದೆ ಒಪ್ಪುವವರಲ್ಲ.

“ಅಲ್ಲಾ ರಾಯರೇ, ಖಾಲಿ ಬುಟ್ಟವ್ನೆ, ಸರಿ. ಅದು ನಾನೇ ಅಂತ ಕೇಳೋರ್ಗೆ ಎಂಗ್ ಗೊತ್ತಾಯ್ತದೆ?”

ಚಿದಿಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಏನಾದರೂ ಮಾಡಬೇಕಲ್ಲ ಎಂದು ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದ. ಮತ್ತೆ ಅದೇ ಖಾಲಿ ಜಾಗ, ಅದೇ ಢಂ, ಢಂ.

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಎದ್ದಿತು. ಮದುವೆಯಾಗಿ ಬಂದ ಹೆಣ್ಣನ್ನು ಹೊಸಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವ ಶಾಸ್ತ್ರ ನಮ್ಮಲ್ಲುಂಟಷ್ಟೆ. ಬರಿದೇ ಹೇಳುವಂತಿಲ್ಲ, ಪ್ರಾಸ ಕಟ್ಟಿ, ಪದ್ಯದ ತುದಿಗೆ ಹೆಸರನ್ನು ಸಿಕ್ಕಿಸಿ ಹೇಳಿದರೆ ದೋಷವಿಲ್ಲ. ನೀಲಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತಾಳಕ್ಕೆ ಸರಿಯಾಗಿ, ಕ್ಯಾಲೆಂಡರಿನ ಬಸವನನ್ನು ನೋಡುತ್ತ ಹೇಳಿದರು:

“ಮಂಡೀಲೆಲ್ಲಾ ಬೆಲ್ಲದಚ್ಚಪ್ಪ,
ಮನೇಗ್ ಬಂದ್ರೆ ಹುಣ್ಸೇಕಾಯಪ್ಪ,
ಮಜ್ಜಿಗೆ ಕುಡುದ್ರೂ ಇಳೀದು ಕ್ವಾಪ,
ನಮ್ಮೋರ್ ಹೆಸ್ರು ಮರಿಬಸಪ್ಪ!”

‘ಬಸಪ್ಪ’ ಎಂಬುದು ಕಡೆಯ ಪೆಟ್ಟಿನ ಮೇಲೆ ಬಿತ್ತು. ಅದರ ಬೆನ್ನಿಗೇ ಟೇಪಿನೊಳಗಿನ ಚಿದಿ ‘ಮಾದೇಶಾ’ ಎಂದು ಕೂಗಿದ. ಹೊರಗಿನ ಚಿದಿ ಕುಳಿತಲ್ಲಿಂದ ಎಗರಿ, ಎರಡೂ ಕೈ ಮೇಲೆತ್ತಿ, ಲಾಗೋಸಿಗೆ ಕೇಳಿಸುವಂತೆ ಕಿರುಚಿದ. ಗಲಾಟೆ ಕೂಡದೆಂಬ ಷರತ್ತು ಆ ಕ್ಷಣ ಯಾರಿಗೂ ನೆನಪಾಗಲಿಲ್ಲ.

ಮರಿಬಸಪ್ಪನವರು ಕುರ್ಚಿಯನ್ನೇ ಹೆಂಡತಿಯ ಕಡೆ ತಿರುಗಿಸಿಕೊಂಡರು.

“ಮದ್ವೇಲಿ ಇಂಗ್ ಯೋಳಿರ್ಲಿಲ್ಲ ಕಣೇ ನೀನು.”

“ಆಗಿನ್ನೂ ನಿಮ್ ಕ್ವಾಪ ನೋಡಿರ್ಲಿಲ್ಲ.”

ಅವರಿಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಟೇಪಿನ ಕಡೆ ಕೈ ತೋರಿಸಿ, “ಇನ್ನೊಂದ್ಸಲ ಹಾಕು,” ಎಂದರು. ಯಾರಿಗೆ ಹೇಳಿದರೆಂದು ಸ್ಪಷ್ಟವಾಗಲಿಲ್ಲ. ಚಿದಿ ಟೇಪು ಹಾಕಿದ, ನೀಲಮ್ಮನವರು ಪದ್ಯ ಹಾಕಿದರು.

ಹೆಸರನ್ನು ಗೋಡೆಗೆ, ಗಡಿಯಾರಕ್ಕೆ, ರೆಕ್ಕೆಗಳಿಗೆ ಬಳಿಸಿ ಮನುಷ್ಯ ನೂರು ವರ್ಷ ಬಾಳಿಸಬಹುದು. ಆದರೆ ಅದನ್ನು ಒಬ್ಬರ ಬಾಯಲ್ಲಿ ಒಮ್ಮೆ ಕೇಳಬೇಕೆನ್ನಿಸುವುದು ಬೇರೆಯೇ ಹಸಿವು. ಬಣ್ಣದ ಡಬ್ಬಿಯಿಂದ ಅದು ತೀರುವುದಿಲ್ಲ. ಈ ಮಾತು ನನಗೆ ಹೊಳೆದದ್ದು ಆಗಲ್ಲ, ಮನೆಗೆ ಬಂದು ಕಾಫಿ ಕುಡಿಯುವಾಗ. ಹೊಳೆದ ಕೂಡಲೇ ಹೆಂಡತಿಗೆ ಹೇಳಿ, ನೀನೂ ಒಂದು ಪ್ರಾಸ ಕಟ್ಟಬಾರದೇ ಎಂದೆ. ನನ್ನ ಹೆಸರಿಗೆ ಹೊಂದುವ ಮಾತುಗಳೆಲ್ಲ ಯೋಚಿಸಿದರೆ ಸುಮ್ಮನಿರುವುದೇ ಮರ್ಯಾದೆ ಎಂದು ಆಕೆ ಅಭಿಪ್ರಾಯಪಟ್ಟಳು.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಮಂಡಿಯಲ್ಲಿಲ್ಲ. ಆದ್ದರಿಂದ ಮರಿಬಸಪ್ಪನವರು ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಒಂದನೇ ತಾರೀಖು ಬಂತು, ಹೋಯಿತು. ಚಿದಿ ಪರೀಕ್ಷೆ ಮುಗಿಯುವವರೆಗೂ ಅದೇ ಕೋಣೆಯಲ್ಲಿದ್ದ; ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದ.